ಹಲಗೆಯ ಮೇಲೆ ಬೀಳುವ ಕೋಲು

ಎರಡನೆಯ ಚರಣದ ನಡುವೆ ಎಡಗೈಯ ಕೋಲು ಜಾರಿ ಬಿತ್ತು. ಬೀಳಬೇಕಾದ ಜಾಗ ಅದಲ್ಲ. ಬೀಳಬೇಕಾದ ಹಾಡೂ ಅದಲ್ಲ. ಕೋಲಣ್ಣ ಬಲಗೈಯೊಂದರಲ್ಲೇ ತಾಳ ಸಂಭಾಳಿಸುತ್ತ ಡ್ರಮ್ಮಿಗೆ ತೂಗುಹಾಕಿದ್ದ ಚೀಲದಿಂದ ಇನ್ನೊಂದು ಕೋಲು ಎಳೆದುಕೊಂಡ. ಎದುರಿಗೆ ಹೋಟೆಲಿನ ಮೇಜುಗಳಲ್ಲಿ ಮಧ್ಯಾಹ್ನದ ಊಟ ಮಾಡುತ್ತಿದ್ದವರು ಚಮಚ ಕೆಳಗಿಟ್ಟು ಚಪ್ಪಾಳೆ ತಟ್ಟಿದರು. ಮೈಕಿನ ಮುಂದಿದ್ದ ಅವನ ಹೆಂಡತಿಯ ತಮ್ಮ, ಬ್ಯಾಂಡಿನ ಗಾಯಕನೂ ಯಜಮಾನನೂ ಅವನೇ, ಹಿಂದಕ್ಕೆ ತಿರುಗಿ ಕಣ್ಣು ಹೊಡೆದ. ಭಾವನಿಗೆ ಇವತ್ತು ಹುರುಪು ಬಂದಿದೆ ಎಂದುಕೊಂಡಿರಬೇಕು.

ಕೋಲಣ್ಣನೂ ಹಲ್ಲು ಕಾಣುವಷ್ಟು ನಕ್ಕ. ಬಿದ್ದ ಕೋಲು ಜಮಖಾನದ ಮೇಲೆ ಮೆತ್ತಗೆ ಉರುಳಿ ಕೀಬೋರ್ಡಿನವಳ ಚಪ್ಪಲಿಗೆ ತಾಗಿ ನಿಂತಿತು. ಸದ್ದೇ ಬರಲಿಲ್ಲ. ಅವನ ಕಣ್ಣು ಎಡ ಪಾದದ ಪಕ್ಕ ಹಾಸಿದ್ದ ಹಲಗೆಯ ಕಡೆ ಹೋಯಿತು. ಅವನು ಬೇಕೆಂದೇ ಬೀಳಿಸಿದ ಕೋಲು ಯಾವತ್ತೂ ಸದ್ದಿಲ್ಲದೆ ಬಿದ್ದದ್ದಿಲ್ಲ.

ಡ್ರಮ್ಮಿಗೆ ಅವನು ಬಂದದ್ದು ಹಲ್ಲಿನ ದೆಸೆಯಿಂದ. ಬಿಸ್ಕತ್ತು ಕಾರ್ಖಾನೆಯ ಬ್ಯಾಂಡಿನಲ್ಲಿ ತುತ್ತೂರಿ ಊದಬೇಕೆಂದು ಹೋದವನ ಮುಂದಿನ ಹಲ್ಲುಗಳ ಸಂದಿಯಲ್ಲಿ ಗಾಳಿ ಸೋರುತ್ತಿತ್ತು. ಬ್ಯಾಂಡಿನ ಮೇಷ್ಟ್ರು ಒಂದು ವಾರ ಸಹಿಸಿಕೊಂಡು, ಬಾಯಿ ಬೇಕಿಲ್ಲದ ವಾದ್ಯದ ಹಿಂದೆ ಕೂರಿಸಿದರು. ಕೂತವನು ಏಳಲಿಲ್ಲ. ಕಾರ್ಖಾನೆ ಮುಚ್ಚಿದಾಗ ಮದುವೆ ಬ್ಯಾಂಡು ಸೇರಿದ, ಅದರ ತುತ್ತೂರಿಯವರು ಜಗಳವಾಡಿಕೊಂಡು ಚೆದುರಿದಾಗ ನಾಲ್ಕು ಜನ ಹುಡುಗರ ಗುಂಪೊಂದನ್ನು. ಆ ಗುಂಪಿನ ಹಾಡುಗಾರನ ಅಕ್ಕ ಎಲ್ಲರ ಕೋಟು ಹೊಲಿಯುತ್ತಿದ್ದಳು. ಅಳತೆಗೆ ಅವನೊಬ್ಬನನ್ನೇ ಪದೇಪದೇ ಕರೆಯುತ್ತಿದ್ದಾಳೆಂದು ಉಳಿದವರು ಆಡಿಕೊಂಡರು. ಕೊನೆಗೆ ಮದುವೆಯೂ ಆಯಿತು.

ಆ ಗುಂಪು ಒಂದೇ ಒಂದು ಹಾಡು ಧ್ವನಿಮುದ್ರಿಸಿತು. ಗೋಡೆಗೆಲ್ಲ ಹಳೆಯ ಹಾಸಿಗೆ ಆನಿಸಿದ್ದ ಕೋಣೆ, ಗಾಳಿಯಿಲ್ಲ, ಅಂಗೈಯೆಲ್ಲ ಬೆವರು. ಕೊನೆಯ ಚರಣಕ್ಕೆ ಮುಂಚೆ ಎಡಗೈಯ ಕೋಲು ಜಾರಿತು. ಒಂದು ಏಟು ಖಾಲಿ. ಆ ಖಾಲಿಯಲ್ಲಿ ಕೋಲು ಮರದ ನೆಲಕ್ಕೆ ಬಿದ್ದ ಟಕ್ ಎಂಬ ಸದ್ದು. ಗಾಬರಿಯಲ್ಲಿ ಗಾಯಕ ಉಸಿರೆಳೆದುಕೊಂಡದ್ದೂ ಕೇಳುತ್ತದೆ. ಮತ್ತೆ ನುಡಿಸೋಣವೆಂದರೆ ಟೇಪು ಮುಗಿದಿತ್ತು. ಹಾಗೇ ಹೋಗಲಿ, ಯಾರು ಕೇಳುತ್ತಾರೆ ಅಂದರು.

ಎಲ್ಲರೂ ಕೇಳಿದರು. ಅದನ್ನೇ ಕೇಳಿದರು. ಆ ಜಾಗ ಬರುವ ಮುನ್ನ ಜನ ಮಾತು ನಿಲ್ಲಿಸಿ ಕಾಯುತ್ತಿದ್ದರು. ಅವನ ಹೆಸರು ಹೋಗಿ ಕೋಲಣ್ಣ ಎಂಬುದು ಉಳಿಯಿತು. ಗುಂಪು ಒಡೆದ ಮೇಲೆ ಅವನು ಸರ್ಕಸ್ಸಿನಲ್ಲಿ ನುಡಿಸಿದ, ನಾಟಕ ಕಂಪನಿಯಲ್ಲಿ ನುಡಿಸಿದ, ಪ್ರವಾಸಿಗಳ ಹಡಗಿನಲ್ಲಿ ವರ್ಷಗಟ್ಟಲೆ ನುಡಿಸಿದ, ಕೊನೆಗೆ ಭಾವಮೈದ ಕಟ್ಟಿದ ಹೊಸ ಬ್ಯಾಂಡಿಗೆ ಬಂದ. ಎಲ್ಲೇ ಹೋಗಲಿ, ಆ ಹಾಡು ಅವನಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಹಡಗಿನಲ್ಲಿ ಒಮ್ಮೆ ಹಟ ಹಿಡಿದು ಕೋಲು ಬೀಳಿಸದೆ, ಒಂದೇಟೂ ತಪ್ಪದೆ ನುಡಿಸಿ ಮುಗಿಸಿದ್ದ. ಇವನು ಅಸಲಿ ಡ್ರಮ್ಮರ್ ಅಲ್ಲ ಎಂದು ಪ್ರಯಾಣಿಕರು ಮ್ಯಾನೇಜರಿಗೆ ದೂರು ಕೊಟ್ಟರು.

ಆಮೇಲೆ ಅವನು ಅದನ್ನೂ ಕೆಲಸವೆಂದು ಕಲಿತ. ಮೊದಲು ಕಿರುಬೆರಳು ಸಡಿಲಿಸಬೇಕು, ಮಣಿಕಟ್ಟು ಸ್ವಲ್ಪ ಹೊರಳಿಸಬೇಕು, ಆಗ ಕೋಲು ಅಡ್ಡಲಾಗಿ ಬೀಳುತ್ತದೆ. ಜಮಖಾನ ಸದ್ದು ನುಂಗುತ್ತದೆಂದು ಒಂದು ತೇಗದ ಹಲಗೆ ಮಾಡಿಸಿಕೊಂಡ. ಊರೂರಿಗೂ ಅದನ್ನು ಕಂಕುಳಲ್ಲಿಟ್ಟುಕೊಂಡೇ ಹೋಗುತ್ತಿದ್ದ. ಎಡ ಪಾದದ ಪಕ್ಕ ಹಾಸಿಕೊಂಡು ಅದರ ಮೇಲೇ ಬೀಳಿಸುತ್ತಿದ್ದ. ನಿಮಗೆ ಬೇಜಾರಾಗಲ್ವಾ ಎಂದು ಹೆಂಡತಿ ಒಮ್ಮೆ ಕೇಳಿದ್ದಳು.

“ಆ ಒಂದು ಏಟು ಅವರದು,” ಅಂದಿದ್ದ. “ಮಿಕ್ಕಿದ್ದೆಲ್ಲಾ ನಂದು.”

ಈಗ ಮಿಕ್ಕಿದ್ದರಲ್ಲೂ ಕೋಲು ಬೀಳುತ್ತಿತ್ತು. ಮೊದಲು ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯಿತು, ಆಮೇಲೆ ಚಹಾದ ಲೋಟಕ್ಕೆ ಎರಡು ಕೈ ಬೇಕಾಯಿತು. ಹೆಂಡತಿ ಬಾಯಿಬಿಟ್ಟು ಏನೂ ಹೇಳದೆ ಅವನ ಅಂಗಿಗಳ ಗುಂಡಿ ಕಿತ್ತು ಒತ್ತುಗುಂಡಿ ಹೊಲಿದಳು. ನರದ ಡಾಕ್ಟರು ಕೈಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಇದು ವಾಪಸು ಬರುವಂಥದ್ದಲ್ಲ, ಇನ್ನಷ್ಟು ಬೇಗ ಹೋಗದಂತೆ ನೋಡಿಕೊಳ್ಳಬಹುದು ಅಂದರು. ಬ್ಯಾಂಡಿನಲ್ಲಿ ಯಾರಿಗೂ ಹೇಳಬೇಡ ಎಂದು ಅವನು ಹೆಂಡತಿಯಿಂದ ಮಾತು ತೆಗೆದುಕೊಂಡ. ಹೇಳುವ ಅಗತ್ಯವೂ ಬೀಳಲಿಲ್ಲ. ಬೇರೆ ಡ್ರಮ್ಮರ್ ಆಗಿದ್ದರೆ ಮೊದಲ ವಾರವೇ ಸಿಕ್ಕಿಬೀಳುತ್ತಿದ್ದ. ಇವನ ಕೈಯಿಂದ ಕೋಲು ಬಿದ್ದಷ್ಟೂ ಜನ ಕುಣಿದರು.

ಹೋಟೆಲಿನ ಆ ಊಟದ ಮಾರನೆಯ ದಿನ ಭಾವಮೈದ ಮನೆಗೆ ಬಂದ. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತು, ಅಕ್ಕ ಕೊಟ್ಟ ಚಹಾ ಕುಡಿಯುತ್ತ, ದೊಡ್ಡ ಸಭಾಂಗಣವೊಂದರಲ್ಲಿ ಕಾರ್ಯಕ್ರಮ ಗೊತ್ತಾಗಿದೆ, ಜಾಹೀರಾತಿನಲ್ಲಿ ತನಗಿಂತ ಮೇಲೆ ಭಾವನ ಚಿತ್ರವೇ ಬರುತ್ತದೆ ಎಂದ. ಕೋಲಣ್ಣ ಲೋಟ ಮುಟ್ಟದೆ ಆರಲು ಬಿಟ್ಟಿದ್ದ. ಭಾವಮೈದ ಆ ಲೋಟವನ್ನೇ ಸ್ವಲ್ಪ ಹೊತ್ತು ನೋಡಿದ.

“ಕೈ ವಿಷಯ ನಂಗೊತ್ತು, ಭಾವ.”

ಹೊಲಿಗೆ ಯಂತ್ರ ನಿಂತಿತು. “ನಾನು ಹೇಳಿಲ್ಲ,” ಅಂದಳು ಹೆಂಡತಿ.

“ಅಕ್ಕ ಹೇಳಿಲ್ಲ. ನಿನ್ನೆ ಬಿದ್ದಾಗ ನೀವು ಹಲಗೆ ಕಡೆ ನೋಡಿದ್ರಿ. ಬೇಕಂತ ಬೀಳ್ಸೋವಾಗ ನೀವು ಯಾವತ್ತೂ ನೋಡಲ್ಲ.”

ಕೋಲಣ್ಣ ಒಳಗೊಳಗೇ ಹುಡುಗನ ಕಿವಿ ಮಾತ್ರವಲ್ಲ, ಕಣ್ಣೂ ಚುರುಕು ಎಂದುಕೊಂಡ. ಹುಡುಗನಿಗೂ ತಲೆ ನೆರೆತಿತ್ತು.

ಭಾವಮೈದ ಎಲ್ಲ ಯೋಚಿಸಿಕೊಂಡೇ ಬಂದಿದ್ದ. ತಾಳವನ್ನೆಲ್ಲ ಮೊದಲೇ ಡ್ರಮ್ಮಿನ ಯಂತ್ರವೊಂದಕ್ಕೆ ತುಂಬಿಸುತ್ತಾರೆ. ಡ್ರಮ್ಮುಗಳಿಗೆ ಒಳಗಿನಿಂದ ಬಟ್ಟೆ ತುರುಕುತ್ತಾರೆ, ಏಟು ತಪ್ಪಿದರೂ ಹೊರಗೆ ಕೇಳುವುದಿಲ್ಲ. ಭಾವ ಸುಮ್ಮನೆ ಕೈಯಾಡಿಸುತ್ತ ಕೂತರಾಯಿತು. ವೇದಿಕೆಗೆ ಜಮಖಾನವೇ ಇರುವುದಿಲ್ಲ, ಈ ತುದಿಯಿಂದ ಆ ತುದಿಗೆ ಹಲಗೆ. ಹಲಗೆಯ ಕೆಳಗೆ ಮೈಕು.

“ಎಲ್ಲಿ ಬಿದ್ರೂ ಟಕ್ ಅನ್ನುತ್ತೆ. ನೀವು ಯಾವಾಗ ಬೇಕಾದ್ರೂ ಬೀಳ್ಸಿ, ಅದಾಗೇ ಬಿದ್ರೂ ಸರಿ. ಜನಕ್ಕೆ ಬೇಕಾಗಿರೋದೂ ಅದೇ ಅಲ್ವಾ?”

“ತಾಳ ಯಂತ್ರದ್ದು.”

“ಹೂಂ.”

“ಬೀಳ್ಸೋದು ನಂದು.”

“ಹೂಂ, ಭಾವ. ಅಷ್ಟೇ ಕೆಲಸ. ಆರಾಮಾಗಿ ಹತ್ತು ವರ್ಷ ನಡೀತದೆ.”

ಹೆಂಡತಿ ತಲೆಯೆತ್ತಲಿಲ್ಲ. ಸೂಜಿಯ ಕೆಳಗಿದ್ದ ಬಟ್ಟೆಯನ್ನು ಹಿಡಿದುಕೊಂಡೇ ಕೂತಿದ್ದಳು. ಕೋಲಣ್ಣ ಎದ್ದು ಬಾಗಿಲ ಹಿಂದೆ ಒರಗಿಸಿದ್ದ ತೇಗದ ಹಲಗೆಯನ್ನು ಎರಡು ಕೈಯಿಂದ ಎತ್ತಿ ತಂದ. ಅದರ ನಡುವೆ ಕೋಲು ಬಿದ್ದೂ ಬಿದ್ದೂ ಸವೆದ ಬಿಳಿ ಗೆರೆ. ಭಾವಮೈದನ ತೊಡೆಯ ಮೇಲೆ ಅದನ್ನಿಟ್ಟ.

“ಇದನ್ನ ನೀನೇ ಇಟ್ಕೋ. ನಾನು ಬರಲ್ಲ.”

“ಭಾವ, ಒಂದೆರಡು ದಿನ ಯೋಚ್ನೆ ಮಾಡಿ—”

“ಬರಲ್ಲ.”