ಒಮ್ಮೆ ಬೂದಿನೀರು ಕುಡಿದ ಸೋಪು

ಮೆಮುನಾ ಸೋಪು ಕತ್ತರಿಸಿದ ಹಲಗೆಯನ್ನು ಚಾಕುವಿನಿಂದ ಹೆರೆಯುತ್ತಿದ್ದಳು. ಅಂಚಿನ ಚೂರು, ಮುರಿದ ಮೂಲೆ ಎಲ್ಲ ಬುಟ್ಟಿಗೆ ಬಿದ್ದವು. ಈ ಸುಗ್ಗಿಯ ಚೂರೆಲ್ಲ ಸೇರಿ ಬುಟ್ಟಿ ತುಂಬಿತ್ತು. ಅದನ್ನು ಸೊಂಟಕ್ಕಿಟ್ಟು ತಿಪ್ಪೆಯ ಕಡೆ ಹೊರಟಾಗ ಪಕ್ಕದ ಮನೆಯ ಅಜಾರಾ ತಡೆದಳು.

"ಎಲ್ಲಿಗೆ ಹೊರಟೆ? ಕೋಳಿಗೆ ಸ್ನಾನ ಮಾಡಿಸೋಕಾ?"

"ಚೂರು ಕಣಕ್ಕಾ. ಎಸೀತೀನಿ."

"ಮತ್ತೆ ದಾದಿಯಮ್ಮನ ಕಾಗದಕ್ಕೆ ಉತ್ತರ?"

ಮೆಮುನಾಳ ಮುಖ ಸಪ್ಪಗಾಯಿತು. ಹೆರಿಗೆಯಾದ ಮನೆಗೊಂದರಂತೆ ಮೂವತ್ತು ಸೋಪಿನ ಬಿಲ್ಲೆ ಕೊಡುತ್ತೀರಾ ಎಂದು ಆರೋಗ್ಯ ಕೇಂದ್ರದ ದಾದಿ ಮೆಮುನಾಳ ಸೋಪು ಮಾಡುವ ಸಂಘಕ್ಕೆ ಬರೆದು ಕೇಳಿದ್ದಳು. ಹೋದ ವರ್ಷ ತೊಳೆಯದ ಕೈಯಿಂದ ಒಂದು ಹಸುಗೂಸಿನ ಹೊಕ್ಕುಳಲ್ಲಿ ಕೀವಾಗಿತ್ತು. ಈಗ ಮೆಮುನಾಳ ಸೊಸೆ ವುನ್ಪಿನಿಯೇ ಏಳು ತಿಂಗಳ ಬಸುರಿ.

"ಒಪ್ಪಿಗೆ ಅಂತ ಬರೆದಿಟ್ಟು ಎರಡು ತಿಂಗಳಾಯ್ತು. ಇರೋದು ಹದಿನೆಂಟೇ. ಸೋಪಿಗೆ ಹಾಕೋ ಶಿಯಾ ಕಾಯಿ ಬೆಣ್ಣೆ ಖಾಲಿ. ಮಳೆ ಬರೋ ತನಕ ಕಾಯಿ ಉದುರಲ್ಲ. ಸುಳ್ಳು ಕಳಿಸ್ಲಾ?"

"ಮಿಕ್ಕ ಹನ್ನೆರಡು ನಿನ್ನ ಸೊಂಟದ ಮೇಲೇ ಇದೆಯಲ್ಲೇ!"

"ಹೋಗಕ್ಕಾ! ಹೋದ ಸಲ ಚೂರಿಗೆ ಬೂದಿನೀರು ಹಾಕಿ ಕುದಿಸಿದೆ. ಅಂಗೈ ಸುಲಿದುಹೋಯ್ತು."

ಅಜಾರಾ ಹಣೆ ಚಚ್ಚಿಕೊಂಡಳು. "ಬೂದಿನೀರು ಬೆಣ್ಣೆನ ಸೋಪು ಮಾಡೋಕೆ ಮಾರಾಯ್ತಿ, ಆದ ಸೋಪಿಗಲ್ಲ! ಇದು ಒಮ್ಮೆ ಕುಡಿದಾಯ್ತು. ಮದುವೆಯಾದವಳಿಗೆ ಮತ್ತೆ ಮದುವೆ ಮಾಡ್ತಾರಾ?"

"ನನ್ನ ನಾದಿನಿಗೆ ಮಾಡಿದ್ರು."

ಇಬ್ಬರೂ ನಕ್ಕರು. ನಗುತ್ತಲೇ ಒಲೆ ಹೊತ್ತಿಸಿದರು.

ಮೊದಲು ಮರಳು ಹತ್ತಿದ್ದು, ಕಮಟು ವಾಸನೆಯದು ಎಲ್ಲ ಆರಿಸಿ ತೆಗೆದರು. ಬುಟ್ಟಿಗೆ ಸೇರಿದ್ದ, ಬಳಸಿ ಸವೆದ ತುಣುಕುಗಳನ್ನು ಬಟ್ಟೆ ಒಗೆಯಲು ಬೇರೆ ಇಟ್ಟರು. ಉಳಿದದ್ದನ್ನು ಸಣ್ಣಗೆ ತುರಿದು ಮಡಕೆಗೆ ಹಾಕಿ, ಆ ಮಡಕೆಯನ್ನು ಬಿಸಿನೀರಿನ ದೊಡ್ಡ ಪಾತ್ರೆಯೊಳಗೆ ಇಟ್ಟರು. ಮೆಮುನಾ ಚೊಂಬು ನೀರು ಬಗ್ಗಿಸಹೋದಳು.

"ಸಾರು ಮಾಡ್ತೀಯಾ? ಬೊಗಸೆ ಸಾಕು. ಉರಿ ಸಣ್ಣಗಿರ್ಲಿ. ಮೆಲ್ಲಗೆ ತಿರುವು," ಎಂದಳು ಅಜಾರಾ.

ಮಧ್ಯಾಹ್ನದ ಹೊತ್ತಿಗೆ ಅದು ಗಟ್ಟಿ ಮುದ್ದೆಯ ಹದಕ್ಕೆ ಬಂತು. ಎಣ್ಣೆ ಸವರಿದ ಪೆಟ್ಟಿಗೆಯಲ್ಲಿ ಒತ್ತಿ ತುಂಬಿದರು. ಮಾರನೆಯ ದಿನ ಹನ್ನೆರಡು ಬಿಲ್ಲೆ ಕತ್ತರಿಸಿ ನೆರಳಲ್ಲಿ ಸಾಲಾಗಿಟ್ಟರು.

"ಇವುಗಳ ಮುಖ ತರಿತರಿ," ಎಂದಳು ಮೆಮುನಾ.

"ನಮ್ಮಿಬ್ಬರದ್ದೇನು ನುಣುಪಾ?"

ಒಣ ಗಾಳಿಗೆ ನಾಲ್ಕು ವಾರ ಒಣಗಿದವು. ಆಮೇಲೆ ಮೆಮುನಾ ಒಂದು ತುಣುಕಿನಿಂದ ಕೈ ತೊಳೆದು ಕಾದಳು. ಉರಿಯಲಿಲ್ಲ. ವುನ್ಪಿನಿ ತಾನೂ ತೊಳೆದು, ಅಂಗೈ ಮೂಸಿ, "ಅತ್ತೆ, ಹೊಸದರ ಹಾಗೇ ಇದೆ," ಎಂದಳು. ಅದೇ ಸಾಕಾಯಿತು.

ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಚೂರುಗಳಿರುತ್ತವೆ. ಎಸೆಯಬೇಡಿ, ಮತ್ತೆ ಬೂದಿನೀರನ್ನೂ ಹಾಕಬೇಡಿ. ಕಡಿಮೆ ನೀರು, ಸಣ್ಣ ಉರಿ, ತಾಳ್ಮೆ ಇಷ್ಟಿದ್ದರೆ ಆಯಿತು. ಕೈ ಉರಿಸುವ ಸೋಪನ್ನು ಯಾರಿಗೂ ಕೊಡಬೇಡಿ. ಕೂಸನ್ನು ಎತ್ತಿಕೊಳ್ಳುವ ಮುಂಚೆ ಕೈ ತೊಳೆಯಿರಿ, ಮನೆಗೆ ಬಂದವರಿಗೂ ಸಂಕೋಚವಿಲ್ಲದೆ ಹೇಳಿ.

ಸಂತೆಯ ದಿನ ಮೂರುಗಾಲಿ ಗಾಡಿ ಆರೋಗ್ಯ ಕೇಂದ್ರದ ದಾರಿ ಹಿಡಿಯುವ ಮುನ್ನ ಮೆಮುನಾ ಮೂವತ್ತು ಬಿಲ್ಲೆಗಳ ಗಂಟನ್ನು ಅದರಲ್ಲಿಟ್ಟಳು. ತಾನು ಬರೆದಿಟ್ಟಿದ್ದ ಒಪ್ಪಿಗೆಯ ಕಾಗದದ ಮೇಲಿನ ಹಳೆಯ ತಾರೀಕು ಹೊಡೆದುಹಾಕಿ ಇವತ್ತಿನದು ಬರೆದಳು. ಅದನ್ನು ಚಾಲಕನ ಕೈಗಿಟ್ಟು, "ದಾದಿಯಮ್ಮನ ಕೈಗೇ ಕೊಡು," ಎಂದಳು.