ಎರವಲು ಹೊಗೆ

ಟಿಕ್. ಆಮೇಲೆ ಸಣ್ಣಗೆ ಒಂದು ಗುಂಯ್. ಅದು ನನ್ನ ಮೊದಲ ಉಸಿರು. ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಯುತ್ತ ಬಂದಿತ್ತು. ನನ್ನ ಪಂಪನ್ನು ಜೋಡಿಸಿದ ಹೆಂಗಸು ಕಿವಿಗೊಟ್ಟು ಕೇಳಿ, ಸರಿಯಿದೆ ಎಂದು ಚೀಟಿ ಅಂಟಿಸಿದಳು. ನಾನು ಒಂದು ಹೊಗೆ ತಪಾಸಣೆ ಯಂತ್ರ. ನನ್ನ ಉದ್ದನೆಯ ಮೂಗನ್ನು ಗಾಡಿಯ ಹೊಗೆಕೊಳವೆಗೆ ತೂರಿಸಿದರೆ, ಒಳಗೆ ಇಂಗಾಲದ ವಿಷ ಎಷ್ಟಿದೆ ಎಂದು ಅಂಕಿಯಲ್ಲಿ ಹೇಳುತ್ತೇನೆ. ಬೇರೆ ಮಾತು ನನಗೆ ಬಾರದು.

ವಿಜಯಪುರದ ಹೊರಗೆ, ಪೆಟ್ರೋಲ್ ಬಂಕಿನ ಪಕ್ಕದ ತಗಡಿನ ಅಂಗಡಿಯಲ್ಲಿ ಗುರುಪಾದಪ್ಪ ನನ್ನನ್ನು ಕೂರಿಸಿದರು. ಆಗ ದಿನಕ್ಕೆ ಎಂಟು ಹತ್ತು ಗಾಡಿ, ಸುತ್ತ ಜೋಳದ ಹೊಲ. ಆಮೇಲೆ ರಿಂಗ್ ರೋಡ್ ಬಂತು, ಹೊಲಗಳಲ್ಲಿ ಸೈಟಿನ ಕಲ್ಲುಗಳು ಎದ್ದವು. ಶಾಲೆ, ಸಂತೆ, ಆಸ್ಪತ್ರೆ ಎಲ್ಲವೂ ನಡೆದು ಹೋಗಲಾರದಷ್ಟು ದೂರ ಸರಿದವು. ಶೋಕಿಗೆ ಗಾಡಿ ಕೊಂಡವರು ಕಡಿಮೆ. ಆದರೂ ಸಾಲು ಬೆಳೆಯುತ್ತಲೇ ಹೋಯಿತು. ಹೆಚ್ಚಿನವು ಮಿತಿಯೊಳಗೇ ಇರುತ್ತಿದ್ದವು. ಪಾಸು ಎನ್ನುತ್ತಿದ್ದೆ. ಸಂಜೆ ಮೂಗನ್ನು ಮೊಳೆಗೆ ನೇತುಹಾಕಿದಾಗ ಮಾತ್ರ ಬರಿಯ ಗಾಳಿಯೇ ಭಾರವೆನಿಸುತ್ತಿತ್ತು. ಅದಕ್ಕೆ ಚೀಟಿ ಕೇಳುವವರು ಯಾರೂ ಇರಲಿಲ್ಲ.

ಗುರುಪಾದಪ್ಪನವರ ಕಣ್ಣು ಮಂಜಾದ ಮೇಲೆ ಅಂಗಡಿ ಅವರ ಸೊಸೆ ಮಹಾನಂದಾಳ ಕೈಗೆ ಬಂತು. ಫೇಲಾದವರನ್ನು ಅವಳು ಮೆಕ್ಯಾನಿಕ್ ಬಳಿ ಕಳಿಸುತ್ತಿದ್ದಳು, ಬೈಸಿಕೊಳ್ಳುತ್ತಿದ್ದಳು. ಒಂದು ಜೂನ್‌ನಲ್ಲಿ ಸಿದರಾಯ ತನ್ನ ಹಳೆಯ ಓಮ್ನಿ ತಂದ. ಹೊಸ ಬಡಾವಣೆಯ ಹನ್ನೆರಡು ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನ್ ಅದು. ಮಹಾನಂದಾಳ ಮಗಳು ತೇಜು ಕೂರುವುದೂ ಅದರಲ್ಲೇ, ಹಿಂದಿನ ಸೀಟಿನಲ್ಲಿ. ನಾನು ಫೇಲು ಎಂದೆ.

"ಇಂಜಿನ್ ಬಿಚ್ಚಿದ್ರ ತಿಂಗಳು ಹಿಡಿತೈತ್ರೀ ಅಕ್ಕಾರ. ಅಲ್ಲೀತನಕ ತೇಜುನ್ನ ಹೆಗಲ ಮ್ಯಾಲೆ ಹೊತ್ಕೊಂಡು ಹೋಗ್ತೀರೇನು?"

"ಬಾಯಿ ಭಾಳ ಆತು ನಿಂದು."

ಬೇವಿನ ನೆರಳಲ್ಲಿ ಒಂದು ಹೊಸ ಕಾರು ಚಾಲೂ ಇತ್ತು. ಒಳಗೆ ಯಾರೋ ತಂಪಿನಲ್ಲಿ ಕೂತು ಫೋನ್ ನೋಡುತ್ತಿದ್ದರು. ಮಹಾನಂದಾ ನನ್ನ ಮೂಗನ್ನು ಅದರ ಕೊಳವೆಗೆ ಇಟ್ಟು, ಚೀಟಿಗೆ ಮಾತ್ರ ಓಮ್ನಿಯ ನಂಬರಿನ ಫೋಟೊ ತೆಗೆದಳು. ಇದಕ್ಕೆ ನಮ್ಮಲ್ಲಿ ಎರವಲು ಹೊಗೆ ಎನ್ನುತ್ತಾರೆ. ಓಮ್ನಿ ಪಾಸಾಯಿತು.

ದೀಪಾವಳಿಯ ಹೊತ್ತಿಗೆ ತೇಜು ತಲೆನೋವು ಎನ್ನತೊಡಗಿದಳು. ವ್ಯಾನಿನಿಂದ ಇಳಿದವಳೇ ವಾಂತಿ ಮಾಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಮಹಾನಂದಾ ಓಮ್ನಿಯನ್ನು ಕರೆಸಿ, ಬಾಗಿಲು ಹಾಕಿಸಿ, ಚಾಲೂ ಇಡಿಸಿದಳು. ನನ್ನ ಮೂಗನ್ನು ಕೊಳವೆಗೆ ಹಾಕಲಿಲ್ಲ. ಕಿಟಕಿಯಿಂದ ತೂರಿಸಿ ತೇಜು ಕೂರುವ ಜಾಗದಲ್ಲಿ ಇಟ್ಟಳು. ಅಲ್ಲಿ ಕೆಳಗಿನ ತಗಡು ತುಕ್ಕು ಹಿಡಿದು ತೂತಾಗಿತ್ತು. ಸೊನ್ನೆ ಬರಬೇಕಾದ ಜಾಗ. ನಾನು ಸೊನ್ನೆ ಎನ್ನಲಿಲ್ಲ.

"ಎಷ್ಟ್ ಬಂತ್ರೀ?" ಎಂದ ಸಿದರಾಯ.

ಅವಳು ಪರದೆಗೆ ಅಡ್ಡ ನಿಂತಳು. ಹೇಳಿದರೆ, ಜೂನಿನ ಚೀಟಿ ಕೊಟ್ಟವರು ಯಾರು ಎಂಬ ಮಾತು ಬರುತ್ತಿತ್ತು.

"ಮಷೀನ್ ಕೆಟ್ಟೈತಿ. ಹೋಗು ನೀ."

ಆ ಒಂದು ಮಾತಿಗೆ ನನಗೆ ಮುಪ್ಪು ಬಂತು. ಹೊಸ ಯಂತ್ರ ತರಿಸಿ, ನನ್ನನ್ನು ಮೂಲೆಗೆ ಸರಿಸಿ, ಹಳೆಯ ಟವೆಲ್ ಹೊದಿಸಿದಳು. ಅದರ ಹರಿದ ಅಂಚಿನಿಂದ ರಸ್ತೆ ಕಾಣುತ್ತಿತ್ತು. ಮಹಾನಂದಾ ಸ್ಕೂಟರ್ ಕೊಂಡಿದ್ದಾಳೆ. ಊರಿಗೆ ಇನ್ನೊಂದು ಗಾಡಿ. ಬೆಳಿಗ್ಗೆ ತೇಜು ಅವಳ ಬೆನ್ನಿಗಂಟಿ ಕೂತು ಹೋಗುತ್ತಾಳೆ. ಹಿಂದೆಯೇ ಓಮ್ನಿ ಹೋಗುತ್ತದೆ, ಹನ್ನೊಂದು ಮಕ್ಕಳೊಂದಿಗೆ.

ನಿನ್ನೆ ಆ ಮಕ್ಕಳಲ್ಲೊಬ್ಬನ ತಾಯಿ ಅಂಗಡಿಗೆ ಬಂದಿದ್ದಳು.

"ತೇಜುನ್ನ ವ್ಯಾನ್ ಯಾಕ ಬಿಡಿಸಿದ್ರಿ? ನಮ್ಮ ಹುಡುಗನೂ ದಿನಾ ತಲಿನೋವು ಅಂತಾನ್ರೀ."

ಮಹಾನಂದಾ ಒಮ್ಮೆ ನನ್ನ ಕಡೆ ನೋಡಿದಳು.

"ಹೊಸಾ ಗಾಡಿ ತಗೊಂಡೀನಲ್ಲ, ಅದಕ್ಕ," ಎಂದಳು.

ಆ ತಾಯಿ ಹೋದ ಮೇಲೆ ಎದ್ದು ಬಂದು, ಟವೆಲನ್ನು ಎಳೆದು ಪೂರ್ತಿ ಮುಚ್ಚಿದಳು.