ಕತ್ತರಿಗುಣ

ಆ ಹೊಲಿಗೆ ಅಂಗಡಿಯಲ್ಲಿ ಬೈಯುವುದಕ್ಕೆ ಅಕ್ಕ, ಬೈಸಿಕೊಳ್ಳುವುದಕ್ಕೆ ತಂಗಿ, ಎರಡನ್ನೂ ಕಿವಿಗೆ ಹಾಕಿಕೊಳ್ಳದೆ ಇಸ್ತ್ರಿ ಮಾಡುವುದಕ್ಕೆ ಭಾವ. ಈ ಹಂಚಿಕೆ ಹನ್ನೆರಡು ವರ್ಷದಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ. ಅಂಗಡಿ ಅಕ್ಕನದು. ಹೊಲಿಗೆ ಯಂತ್ರದ ಮುಂದೆ ಕೂತಳೆಂದರೆ ಅವಳ ಕಾಲು ಒಂದು ಕಡೆ ಓಡುತ್ತಿತ್ತು, ಬಾಯಿ ಇನ್ನೊಂದು ಕಡೆ. ತಂಗಿಯದು ಬಟ್ಟೆ ಕತ್ತರಿಸುವ ಮೇಜು. ಭಾವ, ಅಂದರೆ ಅಕ್ಕನ ಗಂಡ, ಮೂಲೆಯಲ್ಲಿ ನಿಂತು ಹೊಲಿದು ಮುಗಿದದ್ದನ್ನೆಲ್ಲ ಇಸ್ತ್ರಿ ಮಾಡಿ ತೂಗುಹಾಕುತ್ತಿದ್ದರು. ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಆಡಿದರೆ ಅಂದು ಅವರಿಗೆ ಮೈ ಸರಿಯಿಲ್ಲವೆಂದು ತಿಳಿಯಬೇಕು.

ತಂಗಿಯ ಕಣ್ಣಿನ ವಿಷಯದಲ್ಲಿ ಎರಡು ಮಾತಿಲ್ಲ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಸೊಂಟ ಎಷ್ಟು, ತೋಳು ಎಷ್ಟು, ಯಾವ ಭುಜ ಇಳಿದಿದೆ ಎಂದು ಹೇಳಿಬಿಡುತ್ತಿದ್ದಳು. ಒಮ್ಮೆ ಅಕ್ಕ ಟೇಪು ಹಿಡಿದು ಪರೀಕ್ಷೆ ಮಾಡಿ, ಕಾಲಿಂಚು ತಪ್ಪು ಹಿಡಿದು, ಹಿಗ್ಗಿ ಹೀರೇಕಾಯಿಯಾಗಿದ್ದಳು. ಆಮೇಲೆ ನೋಡಿದರೆ ಟೇಪಿನ ತುದಿಯೇ ಕಾಲಿಂಚು ಸವೆದಿತ್ತು. ತಂಗಿ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆ ನೋಡಿದರೆ ಇದನ್ನು ಹೊಲಿಯುವುದೇ ಬೇಡ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣ ಅನ್ನಿಸುತ್ತಿತ್ತು. ಕಷ್ಟವೆಲ್ಲ ಶುರುವಾಗುತ್ತಿದ್ದದ್ದು ಅವಳು ಕತ್ತರಿ ಎತ್ತಿಕೊಂಡ ಮೇಲೆ.

ಕತ್ತರಿ ಕೈಗೆ ಬಂದದ್ದೇ ತಡ, ಅಷ್ಟು ಚೆಂದದ ಗೆರೆಯ ಪಕ್ಕದಲ್ಲಿ ಇಲಿ ಕಡಿದಂಥ ಅಂಚು ಏಳುತ್ತಿತ್ತು. ಪ್ಯಾಂಟಿಗೆ ಬಟ್ಟೆಯನ್ನು ಮಡಿಸಿ ಹಾಸಿ ಎರಡು ಕಾಲನ್ನೂ ಒಟ್ಟಿಗೆ ಕತ್ತರಿಸುತ್ತಾರಲ್ಲ, ಆಗ ಮೇಲಿನ ಪದರ ಹೇಗೋ ತೆವಳಿಕೊಂಡು ಗೆರೆ ಹಿಡಿಯುತ್ತಿತ್ತು. ಕೆಳಗಿನ ಪದರ ಅಲಗುಗಳ ನಡುವೆ ನುಣುಚಿಕೊಂಡು ಅರ್ಧ ಇಂಚು ದೊಡ್ಡದಾಗಿ ಬೀಳುತ್ತಿತ್ತು. ಕೆಳಗಿನ ಪದರ ಅವಳ ಲೆಕ್ಕದಲ್ಲಿ ಯಾವಾಗಲೂ ಎಡಗಾಲು. ಆದರೂ ಹೊಲಿದಾದ ಮೇಲೆ ದೂರು ಹೇಳಿಕೊಂಡು ಬಂದ ಗಿರಾಕಿಗಳು ಬೆರಳೆಣಿಕೆಯಷ್ಟು. ಜನ ಒಳ್ಳೆಯವರು, ನೋಡಿಯೂ ಸುಮ್ಮನಿರುತ್ತಾರೆ ಎಂದು ತಂಗಿ ಅಂದುಕೊಂಡಿದ್ದಳು.

"ನಿನ್ನ ಕೈಗುಣಾನೇ ಸರಿಯಿಲ್ಲ," ಎನ್ನುತ್ತಿದ್ದಳು ಅಕ್ಕ, ತುಂಡುಗಳನ್ನು ಎತ್ತಿಕೊಳ್ಳುವಾಗಲೆಲ್ಲ.

ಈ ಕೈಗುಣ ಅನ್ನುವುದು ಬಲು ತಂಟೆಯ ಮಾತು. ಡಾಕ್ಟರ ಮಾತ್ರೆ ನಾಟಿದರೆ ಕೈಗುಣ, ನೆಟ್ಟ ಗಿಡ ಚಿಗುರಿದರೆ ಕೈಗುಣ. ಅದು ಚೆನ್ನಾಗಿದೆ ಎನ್ನಿಸಿಕೊಂಡವರು ಮತ್ತೇನೂ ಕಲಿಯಬೇಕಿಲ್ಲ. ಸರಿಯಿಲ್ಲ ಎನ್ನಿಸಿಕೊಂಡವರು ಏನು ಕಲಿತರೂ ಅಷ್ಟೇ. ಲೆಕ್ಕ ತಪ್ಪಿದರೆ ಮತ್ತೆ ಮಾಡಬಹುದು, ಕೈಯನ್ನು ಎಲ್ಲಿಗೆ ಕೊಂಡುಹೋಗಿ ಬದಲಾಯಿಸುವುದು? ನಲವತ್ತು ದಾಟಿದ ತಂಗಿ ಈ ಮಾತನ್ನು ಪೂರ್ತಿಯಾಗಿ ನಂಬಿದ್ದಳು.

ಅವಳು ಹುಟ್ಟಾ ಎಡಚಿ. ಆದರೆ ಅದು ಮನೆಯವರೆಲ್ಲ ಮರೆತುಹೋದ ಸಂಗತಿ. ಚಿಕ್ಕವಳಿದ್ದಾಗ ಅಮ್ಮ ಊಟವನ್ನೂ ಮೇಷ್ಟ್ರು ಬರವಣಿಗೆಯನ್ನೂ ಬಲಗೈಗೆ ದಾಟಿಸಿದ್ದರು. ಕತ್ತರಿಯನ್ನು ದಾಟಿಸಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ಮಗು ಕೈ ಕುಯ್ದುಕೊಂಡೀತು ಎಂದು ಅಮ್ಮ ಅವಳಿಗೆ ಕತ್ತರಿಯನ್ನೇ ಕೊಟ್ಟಿರಲಿಲ್ಲ.

ಒಂದು ಮಂಗಳವಾರ ಅಕ್ಕ ಯಂತ್ರ ನಿಲ್ಲಿಸಿದಳು. ಅವಳು ಯಂತ್ರ ನಿಲ್ಲಿಸಿ ಮಾತಾಡಿದರೆ ವಿಷಯ ದೊಡ್ಡದೇ ಇರುತ್ತಿತ್ತು.

"ಸೋಮವಾರದಿಂದ ಕಟಿಂಗಿಗೆ ಒಬ್ರು ಮಾಸ್ಟರ್ ಬರ್ತಾರೆ. ಮಾತಾಡಿ ಆಗಿದೆ. ನೀನು ಇನ್ಮೇಲೆ ಕಾಜಾ ಗುಂಡಿ ನೋಡ್ಕೋ."

ಕಾಜಾ ಗುಂಡಿಯ ಕೆಲಸವೇನೂ ಕೀಳಲ್ಲ. ಆದರೆ ಮೇಜು ಹೋದರೆ ಸೀಮೆಸುಣ್ಣ ಹೋಯಿತು, ಗೆರೆ ಹೋಯಿತು, ಬಾಗಿಲಲ್ಲಿ ನಿಂತವರನ್ನು ನೋಡಿ ಮನಸ್ಸಿನಲ್ಲೇ ಬಟ್ಟೆ ತೊಡಿಸುವ ಆ ಸುಖವೂ ಹೋಯಿತು. ಜೀವನದಲ್ಲಿ ಅವಳಿಗೆ ತನ್ನದೆಂದು ಇದ್ದದ್ದು ಆ ಆರಡಿ ಮೇಜು ಒಂದೇ.

"ಒಂದೇ ಒಂದು ಅವಕಾಶ ಕೊಡಕ್ಕ," ಎಂದಳು.

"ಯಾವ ಗಿರಾಕಿ ಬಟ್ಟೆ ಬಲಿ ಕೊಡ್ಲಿ, ನೀನೇ ಹೇಳು."

ಮೂಲೆಯಿಂದ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟ ಸದ್ದಾಯಿತು. "ನನ್ನದು ಕೊಡ್ತೀನಿ," ಎಂದರು ಭಾವ.

ಇಬ್ಬರೂ ತಿರುಗಿ ನೋಡಿದರು. ಭಾವನ ಹತ್ತಿರ ಬೂದುಬಣ್ಣದ ಒಂದು ಉಣ್ಣೆ ಬಟ್ಟೆ ಇತ್ತು. ಪ್ಯಾಂಟಿಗೆಂದು ತಂದು ಮೂರು ವರ್ಷವಾಗಿತ್ತು. ಗಿರಾಕಿಗಳ ಕೆಲಸ ಮುಗಿಯಲಿ ಎಂದು ಕಾಯುತ್ತ, ತಿಂಗಳಿಗೊಮ್ಮೆ ತೆಗೆದು ಇಸ್ತ್ರಿ ಮಾಡಿ ಮತ್ತೆ ಮಡಿಸಿಡುತ್ತಿದ್ದರು. ಜಗತ್ತಿನಲ್ಲಿ ಹೊಲಿಯುವ ಮೊದಲೇ ಅಷ್ಟು ಸಲ ಇಸ್ತ್ರಿ ಕಂಡ ಬಟ್ಟೆ ಬೇರೆ ಇರಲಾರದು. ಶನಿವಾರ ಕತ್ತರಿಸುವುದು, ಕೆಟ್ಟರೆ ಸೋಮವಾರ ಮಾಸ್ಟರು, ಚೆನ್ನಾಗಿ ಬಂದರೆ ಮೇಜು ತಂಗಿಯದೇ ಎಂದು ಮಾತಾಯಿತು.

ಮರುದಿನ ಸಾಣೆಯಜ್ಜ ಬಂದ. ಎರಡು ವಾರಕ್ಕೊಮ್ಮೆ ಸೈಕಲ್ಲಿನ ಹಿಂದೆ ಸಾಣೆಕಲ್ಲು ಕಟ್ಟಿಕೊಂಡು ಬಂದು, ಮೆಟ್ಟಿಲ ಮೇಲೆ ಕೂತು ಅಂಗಡಿಯ ಕತ್ತರಿಗಳಿಗೆಲ್ಲ ಸಾಣೆ ಹಿಡಿದುಕೊಡುತ್ತಿದ್ದ. ಸಾಮಾನ್ಯವಾಗಿ ಅಕ್ಕನೇ ಕತ್ತರಿಗಳನ್ನು ಒಟ್ಟಾಗಿ ಕೊಟ್ಟು ಬರುತ್ತಿದ್ದಳು. ಅಂದು ತಂಗಿ ತಾನೇ ಹೋಗಿ ತನ್ನದನ್ನು ಕೊಟ್ಟಳು. ಅಜ್ಜ ಅದನ್ನು ತೆಗೆದುಕೊಳ್ಳದೆ ಅವಳ ಕೈಯನ್ನೇ ನೋಡಿದ.

"ಓಹೋ. ಇದು ನಿನ್ನದಾ ಮಗಳೇ? ಈ ಕತ್ತರಿ ಯಾಕೆ ಹಿಂಗೆ ಅಡ್ಡಾದಿಡ್ಡಿ ಸವೀತದೆ ಅಂತ ಎಷ್ಟೋ ವರ್ಷದಿಂದ ತಲೆ ಕೆಡಿಸ್ಕೊಂಡಿದ್ದೆ. ನೀನು ಎಡಗೈಲಿ ಹಿಡೀತೀಯ."

"ನನ್ನ ಕೈಗುಣ ಸರಿಯಿಲ್ಲ ಅಜ್ಜ," ಎಂದಳು ತಂಗಿ, ರೋಗ ಹೇಳಿಕೊಳ್ಳುವವಳ ಹಾಗೆ.

"ಕೈಗುಣ ಅಲ್ಲ ಮಗಳೇ, ಕತ್ತರಿಗುಣ."

ಅಜ್ಜ ತನ್ನ ಎರಡು ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದ. "ಬಲಗೈಲಿ ಹಿಂಡಿದ್ರೆ ಈ ಎರಡು ಅಲಗೂ ಒಂದಕ್ಕೊಂದು ಒತ್ತಿಕೊಳ್ಳುತ್ತೆ, ಬಟ್ಟೆ ಕತ್ತರಿಸುತ್ತೆ. ಅದೇ ಕತ್ತರೀನ ಎಡಗೈಲಿ ಹಿಂಡಿದ್ರೆ ಅಲಗು ದೂರ ಆಗುತ್ತೆ, ಬಟ್ಟೆ ನಡುವೆ ಜಾರುತ್ತೆ. ಮೇಲಿನ ಅಲಗು ಬೇರೆ ಸರಿಯಾಗಿ ಗೆರೆ ಮೇಲೇ ಕೂತ್ಕೊಳ್ಳುತ್ತೆ. ನಿನಗೆ ಗೆರೆ ಕಾಣೋದೇ ಇಲ್ಲ."

"ಎಲ್ಲರಿಗೂ ಹಾಗೇ ಅಲ್ವಾ?"

"ಎಲ್ಲರಿಗೂ ಕಾಣುತ್ತೆ. ನೀನೊಬ್ಬಳು ಹನ್ನೆರಡು ವರ್ಷ ಕಣ್ಣಿಗೆ ಬಟ್ಟೆ ಕಟ್ಕೊಂಡು ಕತ್ತರಿಸಿದೀಯ. ಇಷ್ಟಾದ್ರೂ ಬಂತಲ್ಲ, ಅದು ಹೆಚ್ಚು."

ತಂಗಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗದೆ ಅಜ್ಜನ ಸೈಕಲ್ಲಿನ ಮೇಲೇ ಕಣ್ಣು ಕೆಂಪಗೆ ಮಾಡಿದಳು.

ಅಜ್ಜ ಪೆಟ್ಟಿಗೆಯ ತಳದಿಂದ ಎಣ್ಣೆಬಟ್ಟೆಯ ಗಂಟೊಂದನ್ನು ತೆಗೆದ. ಒಳಗೆ ಒಂದು ಕತ್ತರಿ. ಕೈಗವಸು ಹೊಲಿಯುತ್ತಿದ್ದ ಎಡಚನೊಬ್ಬ ತನಗಾಗಿ ಮಾಡಿಸಿಕೊಂಡದ್ದಂತೆ. ಅವನು ತೀರಿಕೊಂಡ ಮೇಲೆ ಹೆಂಡತಿ ಅಜ್ಜನಿಗೆ ಕೊಟ್ಟಿದ್ದಳು. "ಆರು ವರ್ಷದಿಂದ ಸಾಣೆ ಹಿಡಿದು ಹಿಡಿದು ಇಟ್ಟಿದೀನಿ. ಇದಕ್ಕೆ ಒಂದು ಕೈ ಸಿಕ್ಕಿರಲಿಲ್ಲ. ಇಟ್ಕೋ," ಎಂದ.

ತಂಗಿ ಅದರೊಳಗೆ ಬೆರಳು ತೂರಿಸಿದಳು. ಹಿಡಿಯಲ್ಲಿ ಹೆಬ್ಬೆರಳು ತೂರುವ ಬಳೆ ಸ್ವಲ್ಪ ಓರೆಯಾಗಿತ್ತು, ಹೆಬ್ಬೆರಳು ಹೇಗೆ ಓರೆಯಾಗಿದೆಯೋ ಹಾಗೆ. ಕೆಳಗಿನ ಬಳೆ ಉದ್ದಕ್ಕಿತ್ತು, ಮೂರು ಬೆರಳು ಒತ್ತಿಕೊಳ್ಳದೆ ಕೂರುವಂತೆ. ಕೆಳಗಿನ ಅಲಗಿನ ಬೆನ್ನು ಚಪ್ಪಟೆ, ಮೇಜಿನ ಮೇಲೆ ಬಟ್ಟೆಯನ್ನು ಎತ್ತದೆ ಸರಿಯಲೆಂದು. ಎರಡು ಬಳೆಗಳ ನಡುವೆ ಕಡಲೆ ಕಾಳಿನಷ್ಟು ಒಂದು ಗುಬುಟು, ಪೂರ್ತಿ ಹಿಂಡಿದಾಗ ಚರ್ಮ ಸಿಕ್ಕಿಕೊಳ್ಳದಿರಲೆಂದು. ಎಲ್ಲೋ ಒಬ್ಬ ಮನುಷ್ಯ ಕೂತು ಇಷ್ಟನ್ನೂ ಯೋಚಿಸಿದ್ದ. ಇಷ್ಟು ವರ್ಷದಲ್ಲಿ ತನ್ನ ಹೆಬ್ಬೆರಳಿನ ಬಗ್ಗೆ ಯೋಚಿಸಿದವರು ಇದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ.

ಓಡಿಹೋಗಿ ಚೂರು ಬಟ್ಟೆ ಹಾಸಿ ಕತ್ತರಿಸಿದಳು. ಹನ್ನೆರಡು ವರ್ಷದಲ್ಲಿ ಅವಳು ಕತ್ತರಿಸಿದ ಬಟ್ಟೆಗಳಲ್ಲೆಲ್ಲ ಅದಕ್ಕಿಂತ ಕೆಟ್ಟದ್ದು ಇರಲಿಲ್ಲ. ಬಟ್ಟೆ ತುಂಡಾಗಲೇ ಇಲ್ಲ, ಮುದುರಿಕೊಂಡು ಅಲಗುಗಳ ನಡುವೆ ಮಲಗಿತು.

ಕಾರಣ ಅಜ್ಜನೇ ಹೇಳಿದ. ತಪ್ಪು ಕತ್ತರಿಯನ್ನು ಹೇಗಾದರೂ ದಾರಿಗೆ ತರಲು ಅವಳ ಹೆಬ್ಬೆರಳು ಇಷ್ಟು ವರ್ಷ ಉಲ್ಟಾ ಎಳೆಯುವುದನ್ನು ಕಲಿತುಬಿಟ್ಟಿತ್ತು. ಈಗ ಸರಿಯಾದ ಕತ್ತರಿಗೂ ಅದೇ ಉಲ್ಟಾ ಎಳೆತ ಕೊಡುತ್ತಿತ್ತು.

"ಕೊಡಿಲ್ಲಿ," ಎಂದು ಅಕ್ಕ ಕತ್ತರಿ ಕಿತ್ತುಕೊಂಡು ಬಲಗೈಗೆ ಹಾಕಿಕೊಂಡಳು. ಮೂವತ್ತು ವರ್ಷ ಹೊಲಿದ ಕೈ. ಬಟ್ಟೆ ಜಗ್ಗಿತು, ಮಡಚಿತು, ಹೆಬ್ಬೆರಳು ಕೆಂಪಾಯಿತು. ಕಾಗದ ತಂದು ನೋಡಿದಳು, ಕಾಗದವೂ ಹರಿಯಿತೇ ಹೊರತು ನೆಟ್ಟಗೆ ತುಂಡಾಗಲಿಲ್ಲ. "ದರಿದ್ರ ಕತ್ತರಿ," ಎಂದು ಮೇಜಿನ ಮೇಲೆ ಕುಕ್ಕಿದಳು.

"ಕತ್ತರಿ ಚೆನ್ನಾಗಿದೆ ಅಕ್ಕ. ನಿನ್ನ ಕೈಗುಣ," ಎಂದಳು ತಂಗಿ.

ಮೂಲೆಯಲ್ಲಿ ಭಾವ ಒಂದು ಅಂಗಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಅಕ್ಕ ಅಂದು ಸಂಜೆಯವರೆಗೆ ತಂಗಿಯೊಡನೆ ಮಾತು ಬಿಟ್ಟಳು.

ಅಂದಿನಿಂದ ಮೂರು ದಿನ ಮನೆಯಲ್ಲಿ ಕತ್ತರಿಗೆ ಸಿಗದೆ ಉಳಿದದ್ದು ಕಿಟಕಿ ಸರಳು ಮಾತ್ರ. ಹಳೆ ಕಾಗದ ಮುಗಿದ ಮೇಲೆ ತಂಗಿ ಅಂದಂದಿನ ಪತ್ರಿಕೆಗೂ ಕೈ ಹಾಕಿದಳು. ಭಾವ ಸುದ್ದಿಯನ್ನು ಪಟ್ಟಿ ಪಟ್ಟಿಯಾಗಿ ಓದಬೇಕಾಯಿತು. "ಮಂತ್ರಿಗಳು ರಾಜೀನಾಮೆ ಅನ್ನೋವರೆಗೆ ಇದೆ," ಎಂದರು ಗುರುವಾರ, "ಕೊಟ್ರೋ ಇಲ್ವೋ ಗೊತ್ತಾಗ್ಲಿಲ್ಲ." ಕತ್ತರಿಸುವುದರ ನಡುವೆ ತಂಗಿಗೆ ಇನ್ನೊಂದು ಹುಚ್ಚು ಹಿಡಿಯಿತು. ಕಂಡ ಸಾಮಾನನ್ನೆಲ್ಲ ತಿರುಗಿಸಿ ತಿರುಗಿಸಿ ನೋಡತೊಡಗಿದಳು. ಅಂಗಿ ಗುಂಡಿಯ ಅಂಚು ಏಕೆ ಎತ್ತರ? ನಡುವಿನ ದಾರ ಉಜ್ಜಿ ಸವೆಯದಿರಲೆಂದು. ಬೆರಳಿಗೆ ಹಾಕುವ ಹೊಲಿಗೆ ಟೋಪಿಗೆ ಏಕೆ ಅಷ್ಟೊಂದು ಕುಳಿ? ಸೂಜಿಯ ತಲೆ ಜಾರದಿರಲೆಂದು.

"ಅಕ್ಕ, ಈ ಸೇಫ್ಟಿ ಪಿನ್ನಿಗೆ ಟೊಪ್ಪಿ ಹಾಕಬೇಕು ಅಂತ ಹೊಳೆದವರು ಎಷ್ಟು ಒಳ್ಳೆಯವರಿರಬೇಕು ಅಲ್ವಾ?"

"ನಿನಗೆ ಯಾರಾದ್ರೂ ಒಂದು ಟೊಪ್ಪಿ ಹಾಕಿದ್ರೆ ಚೆನ್ನಾಗಿತ್ತು, ಬಾಯಿ ಮುಚ್ಚೋ ಹಾಗೆ," ಎಂದಳು ಅಕ್ಕ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಹೆಬ್ಬೆರಳು ಹಳೆಯ ಪಾಠ ಮರೆತು ತಾನಾಗಿ ಹೊರಕ್ಕೆ ಒತ್ತತೊಡಗಿತು.

ಶನಿವಾರ ಬೆಳಿಗ್ಗೆ ಬೂದುಬಣ್ಣದ ಬಟ್ಟೆ ಮೇಜಿನ ಮೇಲೆ ಬಂತು. ಭಾವ ಕೊನೆಯದಾಗಿ ಒಮ್ಮೆ ಇಸ್ತ್ರಿ ಮಾಡಿಕೊಟ್ಟು, ನೋಡಲಾರೆನೆಂದು ಹೊರಗೆ ಹೋಗಿ ನಿಂತರು. ತಂಗಿ ಗೆರೆ ಎಳೆದು ಕತ್ತರಿ ಇಟ್ಟಳು. ಗೆರೆ ಕಾಣಿಸುತ್ತಿತ್ತು. ಅಲಗಿನ ಪಕ್ಕದಲ್ಲೇ, ಬೆಳ್ಳಗೆ, ಮುಂದಕ್ಕೆ ಮುಂದಕ್ಕೆ ಕರೆಯುತ್ತ ಹೋಗುತ್ತಿತ್ತು. ಎಲ್ಲರಿಗೂ ದಿನವೂ ಇಷ್ಟು ಸುಲಭವಾಗಿತ್ತೇ ಎಂದು ಅವಳಿಗೆ ಹೊಟ್ಟೆಕಿಚ್ಚಾಯಿತು. ಎರಡು ಪದರವೂ ಒಟ್ಟಿಗೆ, ಅಂಚಿಗೆ ಅಂಚು ಕೂಡಿ ಬಿದ್ದವು. ಅಕ್ಕ ತುಂಡುಗಳನ್ನು ಎತ್ತಿಕೊಂಡು ಯಂತ್ರಕ್ಕೆ ಕೂತಳು.

ಮೂರು ಗಂಟೆಗೆ ಪ್ಯಾಂಟು ಮುಗಿಯಿತು. ಭಾವ ಪರದೆಯ ಹಿಂದೆ ಹೋಗಿ ತೊಟ್ಟುಕೊಂಡು ಬಂದರು.

ಬಲಗಾಲು ನೋಡಲು ಎರಡು ಕಣ್ಣು ಸಾಲದು. ಎಡಗಾಲು ಮಾತ್ರ ತೊಡೆಯಿಂದ ಕೆಳಕ್ಕೆ ಬಿಗಿಯಾಗಿ ಹಿಡಿದುಕೊಂಡಿತ್ತು. ಮಂಡಿ ಮಡಚಲಾಗದೆ ಭಾವ ಒಂದು ಕಾಲನ್ನು ಕೋಲಿನಂತೆ ಎಳೆದುಕೊಂಡು ನಡೆದರು. ಆದರೂ "ಚೆನ್ನಾಗಿದೆ" ಎಂದರು. ಪಾಪ, ಕೂರಲು ಹೋಗಿ ಅರ್ಧಕ್ಕೇ ನಿಂತರು.

"ನೋಡಿದ್ಯಾ," ಎಂದಳು ಅಕ್ಕ. ಅವಳ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. "ಯಾವ ಕತ್ತರಿ ಆದ್ರೇನು. ಮೊದಲು ಎಡಗಾಲು ದೊಡ್ಡದಾಗ್ತಿತ್ತು, ಈಗ ಚಿಕ್ಕದಾಯ್ತು."

ತಂಗಿಗೆ ಅಳು ಬಂತು, ಅವಳು ತಡೆಯಲೂ ಇಲ್ಲ. ತಾನು ಕಣ್ಣಾರೆ ಕಂಡ ಗೆರೆಯೂ ಸುಳ್ಳಾಯಿತಲ್ಲ ಎಂಬುದೇ ಅವಳಿಗೆ ಮೇಜು ಹೋದದ್ದಕ್ಕಿಂತ ದೊಡ್ಡ ದುಃಖವಾಗಿತ್ತು.

ಭಾವ ಟವೆಲು ಸುತ್ತಿಕೊಂಡು ಪ್ಯಾಂಟು ಬಿಚ್ಚಿ, ಬೇರೇನೂ ತೋಚದೆ ಅದನ್ನು ಒಳಮಗ್ಗುಲು ಮಾಡಿ ಇಸ್ತ್ರಿ ಮೇಜಿನ ಮೇಲೆ ಹಾಸಿದರು. ಒಳಹೊಲಿಗೆಯ ಅಂಚುಗಳನ್ನು ಬಿಡಿಸಿ ಒತ್ತುವುದು ಅವರ ನಿತ್ಯದ ಕೆಲಸ.

"ಬಟ್ಟೆ ಚಿಕ್ಕದಾಗಿಲ್ಲ," ಎಂದರು. "ಎಲ್ಲಾ ಒಳಗೇ ಇದೆ."

ಇಬ್ಬರೂ ಬಂದು ಬಗ್ಗಿ ನೋಡಿದರು. ಕತ್ತರಿಸಿದ ಅಂಚುಗಳು ನಾಲ್ಕೂ ಒಂದೇ ಸಮ. ಬಲಗಾಲಿನಲ್ಲಿ ಹೊಲಿಗೆ ಅಂಚಿನ ಪಕ್ಕದಲ್ಲಿ ಎಲ್ಲಿ ಓಡಬೇಕೋ ಅಲ್ಲಿ ಓಡಿತ್ತು. ಎಡಗಾಲಿನಲ್ಲಿ ಮಾತ್ರ ಅರ್ಧ ಇಂಚು ಒಳಗೆ ಓಡಿತ್ತು, ಮೇಲಿಂದ ಕೆಳಗಿನವರೆಗೆ, ಎರಡೂ ಬದಿಗೆ.

"ಎಡಗಡೆ ಯಾವಾಗ್ಲೂ ಹೀಗೇ ಇರುತ್ತಲ್ಲ," ಎಂದರು ಭಾವ. "ಹನ್ನೆರಡು ವರ್ಷದಿಂದ ನೋಡ್ತಿದೀನಿ. ಹೊಲಿಯೋ ಕ್ರಮಾನೇ ಹಾಗೆ ಅಂದ್ಕೊಂಡಿದ್ದೆ."

ಅಕ್ಕ ಹೊಲಿಗೆಯನ್ನು ಬೆರಳಿನಿಂದ ಸವರಿದಳು. ಆಮೇಲೆ ತನ್ನ ಬಲಗೈಯನ್ನು ಎತ್ತಿ, ಅದು ಇನ್ಯಾರದೋ ಎಂಬಂತೆ ನೋಡಿದಳು.

"ಅಕ್ಕ, ನೀನು ಇಷ್ಟು ವರ್ಷ ತಿದ್ದಿ ತಿದ್ದಿ ಹೊಲೀತಿದ್ಯಾ?"

"ಮತ್ತೇನು, ಗಿರಾಕಿ ಎದುರು ನಿನ್ನ ಮಾನ ಹೋಗಲಿ ಅಂತ ಬಿಡ್ಲಾ?"

"ಒಂದು ಸಲನಾದ್ರೂ ಹೇಳಬಾರದಿತ್ತಾ."

"ದಿನಾ ಬೈತಿದ್ನಲ್ಲ."

ತಂಗಿಗೆ ಅಳು ಇನ್ನೂ ಪೂರ್ತಿ ನಿಂತಿರಲಿಲ್ಲ, ಅದರ ಮೇಲೇ ನಗು ಬಂತು. ಅಕ್ಕ ಮೂಗು ಒರೆಸಿಕೊಂಡು ಫೋನು ಎತ್ತಿಕೊಂಡಳು. "ಮಾಸ್ಟರೇ, ಸೋಮವಾರ ಬರಬೇಡಿ. ಮೇಜು ಖಾಲಿ ಇಲ್ಲ. ಹೌದು, ಖಾಲಿ ಇದೆ ಅಂತ ನಾನೇ ಹೇಳಿದ್ದೆ. ನನ್ನ ಕಣ್ತಪ್ಪು," ಎಂದಳು. ಅವಳ ಬಾಯಿಂದ ತಪ್ಪು ಎಂಬ ಮಾತು ಕೇಳಿ ಭಾವ ಟವೆಲು ಬಿಗಿ ಮಾಡಿಕೊಂಡರು.

ಆಮೇಲೆ ಅವಳು ಕನ್ನಡಕ ಹಾಕಿಕೊಂಡು, ಎಡಗಾಲನ್ನು ಮಡಿಲಲ್ಲಿ ಹರಡಿಕೊಂಡು ಹೊಲಿಗೆ ಬಿಚ್ಚಲು ಕೂತಳು. ತಂಗಿ ಒಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ಬಿದ್ದ ದಾರದ ಚೂರುಗಳನ್ನು ಆರಿಸತೊಡಗಿದಳು.

"ನನ್ನ ಕೈ ತಾನಾಗೇ ಒಳಗೆ ಹೋಗುತ್ತೆ ಕಣೇ," ಎಂದಳು ಅಕ್ಕ ತಲೆ ಎತ್ತದೆ. "ಇದನ್ನ ಬಿಡಿಸೋಕೆ ಎಷ್ಟು ದಿನ ಬೇಕೋ."

"ನನಗೆ ಮೂರು ದಿನ ಹಿಡೀತು."

"ನಿನಗೆ ಬದಲಾಗಿದ್ದು ಬರೀ ಕತ್ತರಿ. ನನಗೆ ತಂಗಿನೇ ಬದಲಾಗಿದಾಳೆ. ಒಂದು ವಾರ ಕೊಡು."